ಲಕೋಟೆ ಅಂಟಿಸಬೇಡಿ

"ಏಯ್ ಕುಂಟಿ! ನಿನ್ನಿಂದ ಸಾಲು ಮುರೀತಾ ಇದೆ, ಕಣ್ಣಿಲ್ವಾ? ಕಾಲು ಎಳ್ಕೊಂಡು ಬರೋದಾದ್ರೆ ಮನೇಲಿ ಬಿದ್ದಿರು!"

ಎಸ್ಟೇಟಿನ ಪಾರುಪತ್ಯಗಾರ ಪೆಟಿಗ್ರೂ ದಿಬ್ಬದ ಮೇಲಿಂದ ಕೂಗಿದ್ದು ಇಶ್‌ಬೆಲ್‌ಗೆ. ಅವಳಿಗೆ ಐವತ್ತೆಂಟು ವರ್ಷ. ಎಡ ಮಂಡಿ ಬಗ್ಗುತ್ತಿರಲಿಲ್ಲ. ಗೊಬ್ಬರದ ಚೀಲ ಹರಿದು ಕೋಲಿಗೆ ಕಟ್ಟಿದ ಬಾವುಟ ಬಡಿಯುತ್ತ, ಹದಿನೆಂಟು ಜನ ಒಂದೇ ಸಾಲಿನಲ್ಲಿ, ತೊಡೆಮಟ್ಟದ ಪೊದೆಯನ್ನೂ ಕೆಸರನ್ನೂ ತುಳಿದುಕೊಂಡು ಹಕ್ಕಿ ಸೋಹಬೇಕು, ಎಬ್ಬಿಸಿ ಮುಂದಕ್ಕೆ ಅಟ್ಟಬೇಕು. ಎದ್ದ ಗ್ರೌಸ್ ಹಕ್ಕಿಗಳು ಅತ್ತ ಕಲ್ಲುಗೋಡೆಯ ಮರೆಯಲ್ಲಿ ಕೋವಿ ಹಿಡಿದು ನಿಂತ ಲಂಡನ್ನಿನ ಧಣಿಗಳ ತಲೆಯ ಮೇಲೇ ಹಾರಬೇಕು. ಒಬ್ಬರು ಹಿಂದೆ ಬಿದ್ದರೂ ಆ ಸಂದಿನಲ್ಲಿ ಹಕ್ಕಿ ನುಸುಳಿ ವಾಪಸ್ಸು ಹೋಗುತ್ತದೆ. ಹೋದ ಒಂದೊಂದು ಹಕ್ಕಿಗೂ ಪೆಟಿಗ್ರೂ ಹತ್ತು ಬೈಗುಳ ಇಟ್ಟುಕೊಂಡಿರುತ್ತಿದ್ದ. ಇಶ್‌ಬೆಲ್ ತುಟಿ ಕಚ್ಚಿ ಕಾಲು ಕಿತ್ತಿಟ್ಟಳು.

ಅವಳ ಗಂಡ ಹೆಕ್ಟರ್ ಇದೇ ಗುಡ್ಡ ಕಾಯುತ್ತಿದ್ದವನು. ಎರಡು ವರ್ಷದ ಹಿಂದೆ ಇದೇ ಕೆಸರಿನಲ್ಲಿ ಎದೆ ಹಿಡಿದುಕೊಂಡು ಬಿದ್ದು ಸತ್ತ. ಕೆಲಸಗಾರ ಸತ್ತರೆ ಅವನಿದ್ದ ಎಸ್ಟೇಟಿನ ಮನೆಯೂ ಬಿಡಬೇಕು, ಅದು ಕಟ್ಟಳೆ. ಎಸ್ಟೇಟಿನ ಧಣಿ ದೊಡ್ಡ ಮನಸ್ಸು ಮಾಡಿದನಂತೆ. ಬೇಟೆಯ ಕಾಲದಲ್ಲಿ ಬಾವುಟ ಬಡಿ, ಉಳಿದ ಕಾಲದಲ್ಲಿ ಅತಿಥಿಗಳ ಕಕ್ಕಸು ತೊಳಿ, ಇದ್ದುಕೋ ಅಂದ. ಬರೆದುಕೊಟ್ಟದ್ದು ಮಾತ್ರ ಒಂದು ಸಾಲೂ ಇಲ್ಲ. ದೊಡ್ಡವರ ದೊಡ್ಡ ಮನಸ್ಸು ಕಾಗದದ ಮೇಲೆ ಇಳಿಯುವುದುಂಟೆ?

ಮಧ್ಯಾಹ್ನ ಧಣಿಗಳು ಗುಡಿಸಲೊಳಗೆ ಬಿಸಿ ಸೂಪು ಕುಡಿಯುತ್ತಿದ್ದರೆ ಸೋಹುವವರು ಹೊರಗೆ, ಗಾಳಿ ತಪ್ಪುವ ಗೋಡೆಯ ಬುಡದಲ್ಲಿ, ಒಣ ಬ್ರೆಡ್ಡು ಅಗಿಯುತ್ತಿದ್ದರು. ಆ ತಿಂಗಳು ಬಾಯಿ ಬಿಟ್ಟರೆ ಒಂದೇ ಮಾತು. ಸ್ಕಾಟ್ಲೆಂಡು ಬೇರೆ ದೇಶ ಆಗಬೇಕೋ ಬೇಡವೋ, ಹದಿನೆಂಟನೇ ತಾರೀಕು ಓಟು. ಎಸ್ಟೇಟಿನ ಅಡುಗೆಯವಳು ಸೆಂಗಾ, ಆಗಲೇಬೇಕು ಅನ್ನುವವಳು. ಬೇರೆಯಾದರೆ ಇಂಥ ಎಸ್ಟೇಟುಗಳನ್ನೆಲ್ಲ ಒಡೆದು ಇದ್ದವರಿಗೇ ಹಂಚುತ್ತಾರಂತೆ. ಟ್ರ್ಯಾಕ್ಟರಿನ ಡೂಗಲ್ ನಕ್ಕ. ಧಣಿ ಮಾರಿಕೊಂಡು ಹೋದರೆ ನಿನಗೆ ಕೂಲಿ ಕೊಡುವವನಾರು, ನಿಮ್ಮಪ್ಪನಾ, ಅಂದ. ಸೆಂಗಾ ಅವನ ವಂಶವನ್ನೇ ಎತ್ತಿ ಬೈದಳು.

"ಅಕ್ಕಾ, ನೀನೇಳು. ನಿಂದ್ ಯಾವ್ ಕಡೆ?" ಡೂಗಲ್ ಕೇಳಿದ.

"ಯಾರ್ ಆಳುದ್ರೂ ನಮ್ಗೆ ಬೀಸಾದ್ ತಪ್ಪಾಕಿಲ್ಲ ಕಣ್ಲಾ," ಅಂದು ಇಶ್‌ಬೆಲ್ ಬಾಯಿ ಮುಚ್ಚಿಕೊಂಡಳು. ಈಚೆಗೆ ಯಾರು ಕೇಳಿದರೂ, ಇವರು ಯಾರ ಪರವಾಗಿ ಕೇಳುತ್ತಿದ್ದಾರೆ ಅಂತಲೇ ಅವಳಿಗೆ ಅನ್ನಿಸುತ್ತಿತ್ತು.

ಹೋದ ವಾರ ಎಡಿನ್‌ಬರೋದಿಂದ, ಬೇರೆ ದೇಶ ಆಗಲಿ ಅನ್ನುವ 'ಹೌದು' ಪಕ್ಷದವನೊಬ್ಬ ಅವಳ ಮನೆಗೆ ಬಂದಿದ್ದ. ನುಣ್ಣನೆ ಮುಖ, ಹೊಸ ಬೂಟು. ನೆಲ ನಿಮ್ಮದು, ದೇಶ ನಿಮ್ಮದು ಅಂತ ಅರ್ಧ ಗಂಟೆ ಕೊರೆದು ಎರಡು ಲೋಟ ಟೀ ಕುಡಿದ. ಹೊರಡುವಾಗ ಕಿಟಕಿಯಿಂದ ಕೆರೆ ನೋಡಿ, ಈ ಮನೆ ಮಾರಾಟಕ್ಕೇನಾದರೂ ಬರುತ್ತದೆಯೇ, ರಜಕ್ಕೆ ಬರಲು ಚೆನ್ನಾಗಿದೆ ಅಂದ. ಅವನು ಕೊಟ್ಟ ಪ್ರಚಾರದ ಚೀಟಿಯನ್ನು ಅವಳು ಒಲೆ ಹಚ್ಚುವ ಪುಳ್ಳೆಯ ಬುಟ್ಟಿಗೆ ಎಸೆದಳು.

ಆ ಮಧ್ಯಾಹ್ನ ಬ್ರೆಡ್ಡು ಮುಗಿಯುವಷ್ಟರಲ್ಲಿ ಪೆಟಿಗ್ರೂ ತಾನೇ ತಟ್ಟೆಯಲ್ಲಿ ವಿಸ್ಕಿಯ ಲೋಟ ಹಿಡಿದುಕೊಂಡು ಬಂದ. ಎಂದೂ ಇಲ್ಲದ್ದು. ಎಲ್ಲರೂ ಕುಡಿದರು, ಎಲ್ಲರೂ ಅನುಮಾನದಿಂದಲೇ ಕುಡಿದರು.

ಹದಿನೆಂಟಕ್ಕೆ ದೊಡ್ಡ ಬೇಟೆ ಇದೆ, ಮತಗಟ್ಟೆ ಹದಿನಾಲ್ಕು ಮೈಲಿ ದೂರ, ಅದಕ್ಕೇ ನಿಮಗೆಲ್ಲ ಅಂಚೆ ಓಟು ತರಿಸಿಕೊಟ್ಟಿದ್ದೇನೆ, ಅಂದ. ಆ ಲಕೋಟೆಗಳು ಆಗಲೇ ಮನೆ ಮನೆಗೆ ಬಂದಿದ್ದವು. ನಾಳೆ ಬೆಳಿಗ್ಗೆ ಎಲ್ಲರೂ ಗುರುತು ಹಾಕಿ ಕಚೇರಿಗೆ ತನ್ನಿ, ಒಟ್ಟಿಗೆ ನಾನೇ ಅಂಚೆಗೆ ಹಾಕಿಸುತ್ತೇನೆ.

"ಆದ್ರೆ ಲಕೋಟೆ ಅಂಟಿಸಬೇಡಿ. ಹೋದ್ ಸಲ ಏನಾಯ್ತು, ನೆನಪಿದೆಯಲ್ಲ?"

ನೆನಪಿತ್ತು. ಹೋದ ಸಲದ ಚುನಾವಣೆಯಲ್ಲಿ ಹುಟ್ಟಿದ ತಾರೀಕು ಬರೆಯುವ ಜಾಗದಲ್ಲಿ ಎಂಟು ಜನ ಅವತ್ತಿನ ತಾರೀಕು ಬರೆದು, ಎಂಟು ಓಟೂ ಕಸದ ಬುಟ್ಟಿಗೆ ಹೋಗಿದ್ದವು. ಆ ಎಂಟರಲ್ಲಿ ಹೆಕ್ಟರನೂ ಒಬ್ಬ. ಹೆಡ್ಡ, ನೀನು ಇವತ್ತು ಹುಟ್ಟಿದೆಯಾ ಅಂತ ಇಶ್‌ಬೆಲ್ ಅವನನ್ನು ವಾರವೆಲ್ಲ ಕಾಡಿಸಿದ್ದಳು. ಅಂಥ ತಪ್ಪು ಮತ್ತೆ ಆಗಬಾರದು, ನಾನು ಒಂದು ಸಲ ಕಣ್ಣಾಡಿಸುತ್ತೇನೆ, ಅಷ್ಟೇ, ಅಂದ ಪೆಟಿಗ್ರೂ.

ಸಂಜೆ ಅವನು ಅವಳ ಮನೆಗೇ ಬಂದ. ಬಾಗಿಲು ಬಡಿಯಲಿಲ್ಲ, ಬೂಟು ಒರೆಸಲಿಲ್ಲ. ನೇರ ಪುಳ್ಳೆಯ ಬುಟ್ಟಿಗೆ ಕೈ ಹಾಕಿ ಚೀಟಿ ಎತ್ತಿದ. ಎಲ್ಲಿದೆ ಅಂತ ಯಾರೋ ಬೆರಳು ಮಾಡಿ ತೋರಿಸಿದ ಹಾಗಿತ್ತು. ಚೀಟಿ ಕೊಟ್ಟವನು ಹೋದ ಮೇಲೆ ಅವಳ ಅಡುಗೆಮನೆಗೆ ಬಂದವರು ಇಬ್ಬರೇ. ಸೆಂಗಾ ಮೊಟ್ಟೆ ಕೊಡಲು, ಡೂಗಲ್ ಸೌದೆ ಇಳಿಸಲು.

"ಎಸ್ಟೇಟಿನ ಸೂರಿನ ಕೆಳಗೆ ಕೂತು ಎಸ್ಟೇಟಿಗೇ ಕೊಳ್ಳಿ ಇಡ್ತೀಯಾ? ಇದು ನಿನ್ನಪ್ಪನ ಮನೆ ಅಲ್ಲ. ನಾಳೆ ನಿನ್ನ ಲಕೋಟೇನ ನಾನೇ ನೋಡ್ತೀನಿ."

ಅವನು ಹೋದ ಮೇಲೆ ಅವಳು ನೆಲಕ್ಕಂಟಿದ ಅವನ ಬೂಟಿನ ಕೆಸರು ಒರೆಸಿದಳು. ನಗುವೂ ಬಂತು, ಅಳುವೂ ಬಂತು. ಯಾಕೆಂದರೆ ಬೆಳಿಗ್ಗೆಯೇ ಅವಳು ಗುರುತು ಹಾಕಿಯಾಗಿತ್ತು, 'ಬೇಡ' ಅಂತಲೇ. ವಿಧವೆ ಪಿಂಚಣಿ ಲಂಡನ್ನಿನಿಂದ ಬರುತ್ತಿತ್ತು. ರಜದ ಮನೆ ಹುಡುಕುವ ನುಣ್ಣನೆ ಮುಖದವನು ಅದನ್ನು ಕೊಟ್ಟಾನು ಅಂತ ಅವಳಿಗೆ ನಂಬಿಕೆ ಬಂದಿರಲಿಲ್ಲ. ಸರಿಯೋ ತಪ್ಪೋ, ನಾಲ್ಕು ರಾತ್ರಿ ಹೊರಳಾಡಿ ತಾನೇ ಯೋಚಿಸಿ ಹಾಕಿದ ಗುರುತು ಅದು.

ಮಾರನೆಯ ಬೆಳಿಗ್ಗೆ ಕಚೇರಿಯ ಮುಂದೆ ಎಲ್ಲರೂ ಸಾಲು ನಿಂತರು. ಪೆಟಿಗ್ರೂ ಒಳಗೆ ಮೇಜಿನ ಮುಂದೆ ಕೂತು ಒಂದೊಂದೇ ಲಕೋಟೆ ತೆಗೆದು ತಾರೀಕು ನೋಡುತ್ತಿದ್ದ. ತಾರೀಕಿನ ಜೊತೆಗೆ ಒಳಗಿನ ಓಟಿನ ಚೀಟಿಯನ್ನೂ ಬಿಡಿಸುತ್ತಿದ್ದ. ಡೂಗಲ್‌ನದು ನೋಡಿ ಜಾಣ ಅಂದು ಬಲಕ್ಕೆ ಇಟ್ಟ. ಸೆಂಗಾಳದು ನೋಡಿ ಎಡಕ್ಕೆ ಇಟ್ಟ. ಎಡಕ್ಕೆ ಅದೊಂದೇ ಇತ್ತು. ಸೆಂಗಾ ಮೇಜು ಬಿಟ್ಟು ಕದಲಲಿಲ್ಲ.

ಇಶ್‌ಬೆಲ್‌ಳ ಸರದಿ ಬಂತು. ಅವಳು ಲಕೋಟೆ ತೆಗೆದು, ಅಂಟಿಗೆ ನಾಲಿಗೆ ಸವರಿ, ಅವನ ಮೇಜಿನ ಮೇಲೇ ಇಟ್ಟು ಅಂಗೈಯಿಂದ ಒತ್ತಿದಳು.

"ಏನ್ ಮಾಡ್ತಿದೀಯಾ?"

"ಅಂಟಿಸ್ತಾ ಇವ್ನಿ."

"ಹುಟ್ಟಿದ ತಾರೀಕು ನೋಡಬೇಕಲ್ಲ."

"ನಾ ಹುಟ್ಟಿದ್ ದಿನ ನಂಗೊತ್ತು ಸ್ವಾಮಿ. ಅವತ್ತು ನೀವಿರ್ಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಪೆಟಿಗ್ರೂನ ಕಿವಿ ಕೆಂಪಾಯಿತು. ಅವನು ದನಿ ತಗ್ಗಿಸಿದ.

"ಹಾಗಾದ್ರೆ ಅವರಿಗೇ ಹಾಕಿದೀಯ. ತಿಂಗಳ ಕೊನೆಗೆ ಮನೆ ಖಾಲಿ ಆಗಬೇಕು. ಅಲ್ಲ ಅನ್ನೋದಾದ್ರೆ ಈಗ್ಲೇ ಹೇಳು. 'ಬೇಡ'ಕ್ಕೆ ಹಾಕಿದೀನಿ ಅಂತ ಒಂದು ಮಾತು. ಸಾಕು, ನಂಬ್ತೀನಿ."

ಒಂದು ಮಾತು. ಅದೂ ಸುಳ್ಳಲ್ಲ. ಮೂವತ್ತೊಂದು ವರ್ಷ ಬೆಂಕಿ ಆರದ ಒಲೆ, ಹೆಕ್ಟರ್ ಮಾಡಿದ ಕಪಾಟು, ಕೆರೆ ಕಾಣುವ ಕಿಟಕಿ, ಎಲ್ಲ ಆ ಒಂದು ಮಾತಿಗೆ ಉಳಿಯುತ್ತಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಅವನು ಕಾಯುತ್ತ ಕೂತಿದ್ದ ರೀತಿ ಇತ್ತಲ್ಲ, ತುಟಿಯ ಮೂಲೆಯಲ್ಲಿ ಆಗಲೇ ನಗು ಇಟ್ಟುಕೊಂಡು, ಅದನ್ನು ಕಂಡು ಅವಳ ಮೈಯೆಲ್ಲ ಉರಿದುಹೋಯಿತು. ಎಡಗಡೆಯ ಒಂಟಿ ಲಕೋಟೆ ಎತ್ತಿ, ಅದಕ್ಕೂ ನಾಲಿಗೆ ಸವರಿ ಅಂಟಿಸಿ ಸೆಂಗಾಳ ಕೈಗಿಟ್ಟಳು. ತನ್ನದನ್ನು ಎದೆಗವಚಿಕೊಂಡು ಹೊರಗೆ ನಡೆದಳು.

ಅಂಚೆ ಡಬ್ಬ ಇದ್ದುದು ಮೂರು ಮೈಲಿ ಆಚೆ, ಸೇತುವೆಯ ಹತ್ತಿರ. ಕುಂಟಿಕೊಂಡೇ ಹೋದಳು. ಡಬ್ಬ ಮುಟ್ಟುವ ಹೊತ್ತಿಗೆ ಡೂಗಲ್ ಟ್ರ್ಯಾಕ್ಟರು ಓಡಿಸಿಕೊಂಡು ಬಂದು ಪಕ್ಕಕ್ಕೆ ನಿಲ್ಲಿಸಿದ.

"ಯಾಕಕ್ಕಾ ಇಂಗ್ ಮಾಡ್ಕಂಡೆ? ನಂಗಾರ ಯೋಳು. 'ಹೌದು' ಅಂತ್ಲೇ ಹಾಕ್ದ್ಯಾ?"

ಅವಳು ಅವನ ಮುಖವನ್ನೇ ನೋಡಿದಳು. ಸೌದೆ ಇಳಿಸಿ ಒಲೆಯ ಪಕ್ಕ ಕೂತು ಟೀ ಕುಡಿದು ಹೋದವನು.

"ಕೇಳ್ಕಂಡ್ ಬಾ ಅಂತ ಅವ್ನೇ ಕಳ್ಸುದ್ನಾ?"

ಡೂಗಲ್ ಕಣ್ಣು ತಪ್ಪಿಸಿದ. ಸ್ಟೀರಿಂಗನ್ನು ನೋಡುತ್ತ ಕೂತ.

ಇಶ್‌ಬೆಲ್ ಲಕೋಟೆಯನ್ನು ಡಬ್ಬದ ಬಾಯಿಗಿಟ್ಟು ಒಳಕ್ಕೆ ತಳ್ಳಿದಳು. ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ನಿಂತಳು.

"ಓಗ್ ಯೋಳ್ಲಾ ಆ ಬೋಳಿಮಗುಂಗೆ," ಅಂದಳು. "ಡಬ್ಬ ಒಡ್ದು ನೋಡ್ಕಳಕ್ಕೆ."