ಸರಹದ್ದಿನ ಸಾಕ್ಷಿ ಖಾದರಸಾಬರು

ಯಾರು ಏನು ಕೇಳಿದರೂ ಸವಣೂರಿನ ಖಾದರಸಾಬ ವಕೀಲರು ಮೊದಲು ಕಣ್ಣು ಮುಚ್ಚಿ, "ಯಾವ ಮುಲುಕಿನ, ಯಾವ ಸೀಮೆಯ ಮಾತು?" ಎಂದು ತಿರುಗಿ ಕೇಳುತ್ತಿದ್ದರು. ಕೇಳಿದವರಿಗೆ ಅದು ನಗೆಯ ವಿಷಯ; ಅವರಿಗೆ ಹಾಗಲ್ಲ. ನವಾಬರ ಸಂಸ್ಥಾನವೆಂದರೆ ಇಂಗ್ಲಿಷರ ಸೀಮೆಯ ನಡುವೆ ಸಿಕ್ಕಿಕೊಂಡ ಅಂಗೈಯಗಲದ ನೆಲ. ಗಾಡಿ ಒಂದು ಹಳ್ಳ ದಾಟಿದರೆ ಮಣ್ಣು ಅದೇ, ಮಾತು ಅದೇ, ಕಾನೂನು ಮಾತ್ರ ಬೇರೆ. ಈ ವ್ಯತ್ಯಾಸದ ಅರಿವೇ ಅವರ ಜೀವಮಾನದ ವಿದ್ಯೆಯಾಗಿತ್ತು.

ಬಡಕಲು ದೇಹ, ಸುಡುಬಿಸಿಲಿನಲ್ಲೂ ಕೊರಳ ಗುಂಡಿ ಬಿಚ್ಚದ ಕಪ್ಪು ಶೇರವಾನಿ, ನೆಲವನ್ನು ನಂಬದವರಂತೆ ತಡೆತಡೆದು ಇಡುವ ಹೆಜ್ಜೆ. ಬಲ್ಲದ್ದನ್ನು ಬಚ್ಚಿಡಲಾರದ ಒಂದು ಹಟವೂ ಅವರಿಗಿತ್ತು. ಒಮ್ಮೆ ಸಂಬಂಧ ನೋಡಲು ಬಂದವರು ಹುಡುಗ ಹೇಗೆಂದು ವಿಚಾರಿಸಿದಾಗ ಅವನ ಸದ್ಗುಣಗಳ ಜೊತೆಗೆ ಮೂರ್ಛೆರೋಗವನ್ನೂ ಹೇಳಿದರು. ಆಮೇಲೆ ಲಗ್ನದ ಮಾತುಕತೆಗೆ ಅವರನ್ನು ಯಾರೂ ಕರೆಯಲಿಲ್ಲ.

ಸಾವಿರದ ಒಂಬೈನೂರ ಮೂವತ್ತೇಳರ ಬೇಸಗೆಯಲ್ಲಿ ಶಿಗ್ಗಾವಿಯ ವಕೀಲ ಮಹಾಲಿಂಗಪ್ಪನವರು ಅವರನ್ನು ಹುಡುಕಿಕೊಂಡು ಬಂದರು. ಇಂಗ್ಲಿಷರ ಸೀಮೆಯ ಹುಲಗೂರಿನ ಮುನವ್ವರಾಳನ್ನು ಸವಣೂರಿನ ಎಲೆ ವ್ಯಾಪಾರಿ ಇಸ್ಮಾಯಿಲಸಾಬನಿಗೆ ಕೊಟ್ಟಿತ್ತು. ತಲಾಖಾದ ಮೇಲೆ ಅವಳು ಪುಟ್ಟ ಮಗಳು ನೂರಜಹಾನಳನ್ನು ಎತ್ತಿಕೊಂಡು ತವರಿಗೆ ಬಂದಳು; ತವರಿನವರು ಅವಳಿಗೆ ಇನ್ನೊಂದು ನಿಕಾಹ ಮಾಡಿದರು. ಪರಪುರುಷನ ಮನೆ ಸೇರಿದ ತಾಯಿಯ ಬಳಿ ತನ್ನ ಮಗಳು ಇರಕೂಡದೆಂದು ಇಸ್ಮಾಯಿಲಸಾಬ ಇಂಗ್ಲಿಷರ ಕೋರ್ಟಿಗೆ ಹೋದ. ಮಗು ಹುಟ್ಟಿದ್ದು ಸವಣೂರಿನಲ್ಲಾದ್ದರಿಂದ ಅಲ್ಲಿಯ ಕಾನೂನು ಏನೆನ್ನುತ್ತದೆಂದು ತಿಳಿಯಬೇಕೆಂದರು ನ್ಯಾಯಾಧೀಶರು. ಪರಮುಲುಕಿನ ಕಾನೂನು ಅವರಿಗೆ ತಾನಾಗಿ ಗೊತ್ತಿರಬೇಕಾಗಿಲ್ಲ. ಮಳೆ ಬಿದ್ದಿತೋ ಇಲ್ಲವೋ ಎಂಬಂತೆ ಅದನ್ನೂ ಬಲ್ಲವರ ಸಾಕ್ಷಿಯಿಂದಲೇ ಸಾಬೀತುಪಡಿಸಬೇಕು.

"ತಾಯಿ ಹಕ್ಕು ಹೋದ್ರ ತಾಯಿಯ ತಾಯಿಗೆ ಬರತೈತೋ ಇಲ್ಲೋ?" ಎಂದು ಮುನವ್ವರಾಳ ಪರ ವಕೀಲರಾದ ಮಹಾಲಿಂಗಪ್ಪನವರು ಕೇಳಿದರು.

"ಬರತೈತಿ."

"ಅಷ್ಟ ಹೇಳ್ರಿ ಸಾಹೇಬ್ರ. ಕೂಸು ಹುಲಗೂರಾಗ ಅಜ್ಜಿ ರಹಿಮಾಬಿ ಕಡೆ ಉಳೀತೈತಿ."

"ನೀವು ಕೇಳಿದ್ದು ಹೇಳತೇನಿ. ಅವ್ರು ಕೇಳಿದ್ದನ್ನೂ ಹೇಳತೇನಿ."

ಎರಡನೆಯ ಮಾತನ್ನು ಮಹಾಲಿಂಗಪ್ಪನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಟಕಟೆಯಲ್ಲಿ ಮೊದಲ ಅರ್ಧ ಗಳಿಗೆ ಸುಸೂತ್ರವಾಗಿ ಸಾಗಿತು. ಬಳಿಕ ಇಸ್ಮಾಯಿಲಸಾಬನ ವಕೀಲರು ಎದ್ದು, ತಂದೆ ಒಪ್ಪದಿದ್ದರೆ ಅಜ್ಜಿ ಮಗುವನ್ನು ಬೇರೆಡೆ ಒಯ್ಯಬಹುದೇ ಎಂದು ಕೇಳಿದರು. ಖಾದರಸಾಬರು ಕಣ್ಣು ತೆರೆದಾಗ ಎದುರಿನ ಬಾಕಿನ ಮೇಲೆ ರಹಿಮಾಬಿಯ ತೊಡೆಯಲ್ಲಿ ಮಗು ಬಾಯಿ ತೆರೆದು ನಿದ್ರಿಸುತ್ತಿತ್ತು. ಪಕ್ಕದಲ್ಲಿ ಮುನವ್ವರಾ ಅದರ ಪಾದವನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು.

"ಇಲ್ಲ," ಎಂದರು. "ತಂದಿ ಇರೂ ಊರಾಗ ಇಟಗೊಂಡು ಸಾಕಬೇಕು. ದೂರ ಒಯ್ಯಾಕ ಬರೂದಿಲ್ಲ."

ಮಹಾಲಿಂಗಪ್ಪನವರು ಗಾಬರಿಯಿಂದ ಎದ್ದರು. "ಹುಲಗೂರು ದೂರ ಏನ್ರಿ? ಮುಂಜಾನಿ ಹೊಂಟ್ರ ಮಧ್ಯಾಹ್ನಕ್ಕ ಮುಟ್ಟತೇವಿ."

"ಕಾಲಿಗೆ ಸಮೀಪ ಐತಿ. ಆದ್ರ ಸಂಸ್ಥಾನದ ಹುಕುಮು ಅಲ್ಲಿ ನಡಿಯೂದಿಲ್ಲ. ನಮ್ಮ ಕಡೆ ಅದನ್ನ ಪರಮುಲುಕ ಅಂತನ ಹಿಡೀತಾರ."

ಮಗು ತಂದೆಯ ಪಾಲಾಯಿತು. ಹೊರಗೆ ಬೇವಿನ ಮರದಡಿ ರಹಿಮಾಬಿ ಅವರನ್ನು ತಡೆದು ನಿಲ್ಲಿಸಿದಳು. "ವಕೀಲಸಾಬ್ರ, ಗೊತ್ತಿಲ್ಲ ಅಂದ್ಬಿಟ್ಟಿದ್ರ ಆಗತಿತ್ತಲ್ರಿ."

"ಗೊತ್ತಿತ್ತವ್ವಾ." ಮತ್ತೆ ಅವರೇ ಅಂದರು: "ನೀವು ಸವಣೂರಾಗ ಬಂದು ಇರ್ರಿ. ಅಲ್ಲಿದ್ರ ಹಕ್ಕು ನಿಮ್ಮದ. ಅರ್ಜಿ ನಾ ಹಾಕತೇನಿ."

ಆ ವಯಸ್ಸಿನಲ್ಲಿ ರಹಿಮಾಬಿ ಮಗ್ಗವನ್ನೂ ಮನೆಯನ್ನೂ ಬಿಟ್ಟು ಬಂದು, ಸವಣೂರಿನ ಒಂದು ತಗಡಿನ ಕೋಣೆಯಲ್ಲಿ ಒಲೆ ಹೂಡಿದಳು. ಎಂದೋ ವಕೀಲಿ ಬಿಟ್ಟಿದ್ದ ಖಾದರಸಾಬರು ಅವಳಿಗಾಗಿ ಮತ್ತೆ ಸಂಸ್ಥಾನದ ಕೋರ್ಟಿನ ಮೆಟ್ಟಿಲು ಹತ್ತಿದರು. ಈ ಬಾರಿ ಅವರು ಸಾಕ್ಷಿಯಲ್ಲ, ಬೇಡುವವರು. ವಾಯಿದೆಯ ಮೇಲೆ ವಾಯಿದೆ ಬಿದ್ದು ಮಳೆಗಾಲ ಬಂತು. ಚಳಿಜ್ವರ ಹಿಡಿದ ಮುದುಕಿ ತೀರ್ಪಿಗೆ ಕಾಯಲಿಲ್ಲ.

ಮಣ್ಣಿಗೆ ಬಂದ ಮುನವ್ವರಾ ಕೇಳಿದಳು, "ಇನ್ನ ಹಕ್ಕು ಯಾರದ್ರಿ?"

"ಇಸ್ಮಾಯಿಲಸಾಬನ ತಾಯಿದು," ಎಂದು ಅವರು ಹೇಳಬೇಕಾಯಿತು.

ನಲವತ್ತೆಂಟರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಲೀನವಾಗಿ ಸರಹದ್ದು ಅಳಿಯಿತು; ಅದರೊಡನೆ ಖಾದರಸಾಬರ ವಿದ್ಯೆಗೂ ಬೆಲೆ ಹೋಯಿತು. ಆ ವರ್ಷ ಮುನವ್ವರಾಳ ಜೊತೆ ಅವರೇ ಇಸ್ಮಾಯಿಲಸಾಬನ ಮನೆಗೆ ಹೋದರು. ಇಸ್ಮಾಯಿಲಸಾಬ ತಡೆಯಲಿಲ್ಲ, ಹಿತ್ತಲಿನತ್ತ ಎದ್ದು ಹೋದ. ಎತ್ತರಕ್ಕೆ ಬೆಳೆದ ಹುಡುಗಿಯೊಬ್ಬಳು ಹೊರಬಂದು ಚಾಪೆ ಹಾಸಿದಳು. "ಬರ್ರಿ, ಕುಂಡ್ರಿ. ನೀರು ಕುಡೀತೀರೇನ್ರಿ?" ಆ ಸೀಮೆಯಲ್ಲಿ ಹೆತ್ತ ತಾಯಿಯನ್ನು ಯಾರೂ ಹಾಗೆ ಬಹುವಚನದಲ್ಲಿ ಉಪಚರಿಸುವುದಿಲ್ಲ. ಮುನವ್ವರಾ ನೀರು ಕುಡಿದು, ಚರಿಗೆಯನ್ನು ಮಗಳ ಕೈಗೆ ಕೊಟ್ಟು, ತಾನು ಯಾರೆಂದು ಹೇಳದೆ ಎದ್ದಳು. ಖಾದರಸಾಬರೂ ಹೇಳಲಿಲ್ಲ, ಅವರನ್ನು ಯಾರೂ ಕೇಳಿರಲಿಲ್ಲ.

ಕಾನೂನು ಬಲ್ಲವರಲ್ಲಿ ಇಂಥವರದೊಂದು ಕುಲವಿದೆ. ವ್ಯಾಜ್ಯ ಅವರದಲ್ಲ, ತೀರ್ಪೂ ಅವರದಲ್ಲ. ಎರಡು ಸೀಮೆಗಳ ನಡುವೆ ನಿಂತು, ಅಲ್ಲಿ ಹೀಗಿದೆ ಎಂದು ನುಡಿಯುವುದಷ್ಟೇ ಅವರ ಪಾಲಿಗೆ ಬಂದದ್ದು. ಗೆದ್ದವರು ಅವರನ್ನು ನೆನೆಯುವುದಿಲ್ಲ, ಸೋತವರು ಮರೆಯುವುದಿಲ್ಲ. ಆ ಕಾನೂನು ಹಾಗಿರಬೇಕಿತ್ತೇ ಎಂದು ಮಾತ್ರ ಯಾವ ನ್ಯಾಯಸ್ಥಾನವೂ ಅವರನ್ನು ಕೇಳುವುದಿಲ್ಲ. ಯಾರೂ ಕೇಳದ ಆ ಸಾಕ್ಷ್ಯವನ್ನು ಎದೆಯಲ್ಲಿಟ್ಟುಕೊಂಡೇ ಅವರು ಮುದುಕರಾಗುತ್ತಾರೆ.