ಸೆರಗಿನ ಗಿಳಿಹಸಿರು

ಪೀಳಮೇಡಿನ ಕಾಲೇಜಿನಲ್ಲಿ ಜಯರಾಮನ್‌ಗೆ ಬಾರದ ದನಿಯೇ ಇರಲಿಲ್ಲ. ಫಿಸಿಕ್ಸ್ ಮೇಷ್ಟರು, ಬಸ್ ಕಂಡಕ್ಟರು, ಹಾಸ್ಟೆಲಿನ ಬೆಕ್ಕು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಎಂಬತ್ತಮೂರರ ಪೂಜಾ ರಜೆಗೆ ಅವನು ಉಡುಮಲೈಪೇಟೆಯಾಚೆಗಿನ ಸೋದರಮಾವನ ಊರಿಗೆ ಬಂದ. ಇರುವುದೇ ನಾಲ್ಕು ಬೀದಿ. ಆದರೆ ಮನೆಗೊಂದು ಮಗ್ಗ, ಮಗ್ಗಕ್ಕೊಬ್ಬ ಕಲಾವಿದ. ಸುಣ್ಣ ಬಳಿದ ಗೋಡೆ ಕಂಡರೆ ಸಾಕು, ಯಾರಾದರೂ ಇದ್ದಿಲು ಹಿಡಿದು ಹೊಸ ಬಳ್ಳಿಯೊಂದನ್ನು ಬರೆದುಬಿಡುತ್ತಿದ್ದರು. ಮಗ್ಗದೂರಿಗೆ ಬಂದು ಮುಗ್ಗರಿಸುವುದು ಅವನ ಹಣೆಯಲ್ಲಿತ್ತು.

ಮಾವ ವೆಂಕಟಾಚಲಂ ಆ ವಾರ ಮೊದಲ ಸಲ ಮಗಳು ಶಿವಗಾಮಿಯನ್ನು ನೇಯಲು ಮಗ್ಗದ ಗುಂಡಿಗೆ ಇಳಿಸಿದ್ದ. ಸೀರೆ ಚೆನ್ನಾಗಿ ಬಂದರೆ ಮಗ್ಗ ಅವಳದು. ಕೆಟ್ಟರೆ ಮತ್ತೆ ರಾಟೆಯ ಮುಂದೆ ಕೂತು ನೂಲು ಸುತ್ತಬೇಕು. ಅರಿಸಿನದ ಒಡಲು, ಕೆಂಪು ಸೆರಗು. ಮದುವೆ ಮನೆಯವರು ಕೇಳಿದ್ದು ಅದು.

ಆ ಮನೆಯಲ್ಲೊಂದು ಪದ್ಧತಿ. ಮಾವ ಗೋಡೆಯಾಚೆಯಿಂದ ಕೂಗಿ ಹೇಳುತ್ತಾನೆ. ನೇಯುವವರು ಎಳೆಯ ಲೆಕ್ಕ ತಪ್ಪೀತೆಂದು ಬಾಯಿ ತೆರೆಯುವುದಿಲ್ಲ. ಲಾಳಿಯಿಂದ ಮಗ್ಗದ ಮರವನ್ನು ಒಮ್ಮೆ ಕುಟ್ಟಿದರೆ ಕೇಳಿಸಿತು ಎಂದರ್ಥ. ಇಂಥದ್ದನ್ನು ಕಂಡ ಮೇಲೆ ಜಯರಾಮನ್ ಸುಮ್ಮನಿರುವುದುಂಟೆ? ಮಾವ ಹಿತ್ತಲ ಬಾಗಿಲಿಂದ ಟೀ ಅಂಗಡಿಗೆ ಜಾರಿಕೊಂಡ ಹೊತ್ತು ನೋಡಿ, ಗೋಡೆಯಾಚೆ ನಿಂತು ಮಾವನ ದನಿಯಲ್ಲೇ ಕೂಗಿದ: “ಕಣ್ಣೂ, ಸೆರಗಿಗೆ ಕಿಳಿಪಚ್ಚೆ ಹಾಕು!”

ಮರ ಟಕ್ಕೆಂದಿತು. ಹುಡುಗಿ ಆಚೆ ನಗುತ್ತಿರಬೇಕು ಎಂದುಕೊಂಡು ಜಯರಾಮನ್ ಜಗಲಿಯ ಮೇಲೆ ಉರುಳಿಕೊಂಡ.

ಎದ್ದು ಬಂದಾಗ ಮಾವ ಮಗ್ಗದ ಪಕ್ಕ ನಿಂತಿದ್ದ. ಹಿಂದೆ ಸೀರೆಯೊಂದಕ್ಕೆ ತಂದು ಮಿಕ್ಕಿದ್ದ ಗಿಳಿಹಸಿರು ನೂಲು ಗೇಣುದ್ದ ಸೆರಗಾಗಿತ್ತು.

“ಯಾರು ಹೇಳಿದ್ದು?”

“ನೀವೇತಾನೆ ಕೂಗಿದ್ದು? ನನ್ ಕಿವೀಲೇ ಕೇಳ್ದೆ,” ಎಂದಳು ಅತ್ತೆ ಸೆಲ್ಲಮ್ಮ ಅಡುಗೆಮನೆಯಿಂದ.

“ನಾನು ಟೀ ಅಂಗಡೀಲಿದ್ದೆ. ಅಲ್ಲಿಂದ ಇಲ್ಲಿಗೆ ಕೂಗಾಕೆ ನಂದೇನು ಮಿಲ್ಲಿನ ಸೈರನ್ನಾ?”

ಶಿವಗಾಮಿ ತಲೆ ತಗ್ಗಿಸಿದಳು. ಮಗ್ಗ ಅವಳ ಕೈತಪ್ಪುತ್ತಿರುವುದು ಜಯರಾಮನ್‌ಗೂ ಕಂಡಿತು. “ಮಾಮಾ, ಕೂಗಿದ್ದು ನಾನು,” ಎಂದ. ನಂಬಲೆಂದು, ಮಾವನದೇ ದನಿಯಲ್ಲಿ.

ಸೆಲ್ಲಮ್ಮನ ಕೈಯ ಸೌಟು ಬಿತ್ತು. “ಅಯ್ಯೋ ಸಾಮಿ, ಒಬ್ಬರು ಸಾಲ್ದು ಅಂತ ಇನ್ನೊಬ್ಬರಾ!”

ಮಾವ ನಗಲಿಲ್ಲ. “ಹಂಗಾದ್ರೆ ಹುಡುಗಿ ಮೇಲೆ ತಪ್ಪಿಲ್ಲ.”

“ಇದೆ ಅಪ್ಪಾ,” ಎಂದಳು ಶಿವಗಾಮಿ. “ಬಾವನ ಸೇಷ್ಟೆ ಅಂತ ಗೊತ್ತಿತ್ತು. ನೀನು ಒಂದು ದಿನಾನಾದ್ರೂ ನನ್ನ ಕಣ್ಣೂ ಅಂದಿದ್ದೀಯಾ? ಕತ್ತೆ ಅಂತ ಕೂಗಿದ್ರೆ ತಾನೆ ಅದು ನೀನು?”

“ಗೊತ್ತಿದ್ದೂ ಯಾಕೆ ಹಾಕ್ದೆ?”

“ಅರಿಸಿನಕ್ಕೆ ಹಸಿರು ಹಾಕಿ ನೋಡೋ ಆಸೆ. ನಾನು ಕೇಳಿದ್ರೆ ನೀನು ಬೇಡ ಅಂತಿದ್ದೆ.”

ಮಾವ ಬಾಗಿಲನ್ನು ಪೂರ್ತಿ ತೆರೆದ. ಬೆಳಕಿನಲ್ಲಿ ಸೆರಗನ್ನು ಸವರಿದ, ತಲೆ ಓರೆಮಾಡಿ ನೋಡಿದ, ಮತ್ತೆ ಸವರಿದ.

“ಬಿಚ್ಚು. ಮದುವೆಯೋರು ಕೇಳಿದ್ದು ಕೆಂಪು.”

ಅವಳು ಹಸಿರನ್ನೆಲ್ಲ ಎಳೆಯೆಳೆಯಾಗಿ ಬಿಡಿಸಿ, ಗುಂಡಿಯಿಂದ ಮೇಲೇಳಲು ಕೈಯೂರಿದಳು.

“ಎಲ್ಲಿಗೆ? ಕೂತ್ಕೊ. ಮುಂದಿನ ಸೀರೆಗೆ ಇದೇ ಹಸಿರು ಹಾಕು. ನೂಲು ಸುತ್ತೋಕೆ ಅಳಿಯ ಅವ್ನೆ.”

ಸಂಜೆಯ ಬಸ್ಸು ಹಾರನ್ ಹೊಡೆದು ಹೋಯಿತು. ಜಯರಾಮನ್ ರಾಟೆ ತಿರುಗಿಸುತ್ತಿದ್ದ. ಸಿಕ್ಕುಸಿಕ್ಕಾದ ಹಸಿರು ನೂಲು ಸುತ್ತಿಗೊಮ್ಮೆ ಕಿತ್ತುಹೋಗುತ್ತಿತ್ತು. ಶಿವಗಾಮಿ ಅವನತ್ತ ನೋಡಲಿಲ್ಲ. ಲಾಳಿಗೆ ಕೆಂಪು ಹಾಕಿ ನೇಯತೊಡಗಿದಳು.