ಇಪ್ಪತ್ತನಾಲ್ಕು ಗಂಟೆ

"ಲೇ ಮುಂಡೆ, ಗಿಡದ ಬುಡುದಲ್ಲಿ ಬಗ್ಗಂಡು ಅದೇನೇ ಓದ್ತಿದ್ದೀಯಾ? ಮಿಂಡನ ಕಾಗ್ದವಾ?"

ಎವಾರಿಸ್ತೊ ಯಾಮಿಲೆಯ ಏಪ್ರನ್ನಿನ ಜೇಬಿಗೆ ಕೈ ಹಾಕಿ ಪುಸ್ತಕವನ್ನು ಎಳೆದೇ ಬಿಟ್ಟ. ಜೆರಾಕ್ಸ್ ಮಾಡಿಸಿ ದಾರದಲ್ಲಿ ಹೊಲಿದ ರಸಾಯನಶಾಸ್ತ್ರದ ಪುಸ್ತಕ. ಅಕ್ಕಪಕ್ಕದ ಪಾತಿಗಳಲ್ಲಿ ಗುಲಾಬಿ ಕೊಯ್ಯುತ್ತಿದ್ದ ಹೆಂಗಸರು ಕತ್ತರಿ ನಿಲ್ಲಿಸಿ ನೋಡಿದರು. ಆ ಪ್ಲಾಸ್ಟಿಕ್ ಮಾಡಿನ ಕೆಳಗೆ ಎಂಬತ್ತು ಪಾತಿ ಹೂವು, ಇಪ್ಪತ್ತು ಹೆಂಗಸರು, ಅವರ ಮೇಲೆ ಮೇಸ್ತ್ರಿ ಅಂತ ಅವನೊಬ್ಬ. ಅವನು ಪುಟ ಮಗುಚಿ ಒಂದು ಸಾಲನ್ನು ತಡವರಿಸುತ್ತ ಓದಿದ, ಮುಂದಕ್ಕೆ ಹೋಗಲಾಗದೆ ನಕ್ಕ.

"ಹೊಟ್ಟೆಗಿಟ್ಟಿಲ್ದಿದ್ರೂ ಜುಟ್ಗೆ ಮಲ್ಗೆ ಹೂವಂತೆ. ಇವ್ಳು ಪಾಸಾಗಿ ಬೊಗೊಟಾಗೋಗಿ ಡಾಕ್ಟ್ರಾಯ್ತಾಳೆ, ನೋಡ್ರಮ್ಮಿ."

"ಓದ್ಲಿ ಬುಡಿ ಎವಾರಿಸ್ತೊ ಮೇಸ್ತ್ರಿ," ಎಂದಳು ಪಕ್ಕದ ಪಾತಿಯ ಎದೆಲ್ಮಿರಾ, ತಲೆ ಎತ್ತದೆ. "ನೀವ್ ಗೀಚಿದ್ನ ಓದೋರು ನಮ್ ಪೈಕಿ ಒಬ್ರಾದ್ರೂ ಇರ್ಲಿ."

ಹೆಂಗಸರು ಕಿಸಕ್ಕನೆ ನಕ್ಕರು. ಎವಾರಿಸ್ತೊ ಪುಸ್ತಕವನ್ನು ಕೆಸರಿಗೆ ಎಸೆದು ಹೋದ. ಯಾಮಿಲೆ ಅದನ್ನೆತ್ತಿ ಏಪ್ರನ್ನಿನಲ್ಲಿ ಒರೆಸಿಕೊಂಡಳು.

ಅವಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೊಟ್ಟೆಯಲ್ಲಿ ಮಗು, ಬೆನ್ನ ಹಿಂದೆ ಯಾರೂ ಇಲ್ಲ. ಈಗ ಇಪ್ಪತ್ತೊಂಬತ್ತು ವರ್ಷ. ಶಾಲೆಗೆ ಹೋಗದೆ ಮನೆಯಲ್ಲೇ ಓದಿಕೊಂಡು ಒಂದು ಭಾನುವಾರ ಕೂತು ಬರೆದು ಪಾಸಾದರೆ ಶಾಲೆ ಮುಗಿಸಿದ ಸರ್ಟಿಫಿಕೇಟು ಕೈಗೆ ಬರುವ ಪರೀಕ್ಷೆಯೊಂದಿದೆ. ಆ ಸರ್ಟಿಫಿಕೇಟು ಇಲ್ಲದಿದ್ದರೆ ಅಂಗಡಿಯ ಕಸ ಹೊಡೆಯುವ ಕೆಲಸಕ್ಕೂ ಕರೆಯುವುದಿಲ್ಲ. ಹೂವಿನ ಕೆಲಸಕ್ಕೆ ಮಾತ್ರ ಯಾರೂ ಏನೂ ಕೇಳುವುದಿಲ್ಲ, ಸೊಂಟ ಗಟ್ಟಿಯಿದ್ದರಾಯಿತು. ಯಾಮಿಲೆಯ ಸೊಂಟ ಆಗಲೇ ಸವೆಯತೊಡಗಿತ್ತು.

ಮನೆಯಲ್ಲಿ ಹೇಳಿಕೊಡುವವರಿಲ್ಲ. ಅಡುಗೆಮನೆಯ ಮೇಜೇ ಶಾಲೆ, ತಾನೇ ಮೇಷ್ಟ್ರು, ತಾನೇ ಮಕ್ಕಳು. ಗೊತ್ತಾಗದ ಪಾಠವನ್ನು ಗೊತ್ತಾಗುವ ತನಕ ಗಟ್ಟಿಯಾಗಿ ಓದುವಳು. ಇದಕ್ಕೆ ಹೊತ್ತು ಹೊಂದಿಸಿ ಕೊಟ್ಟವಳು ಎದೆಲ್ಮಿರಾ, ಯಾಮಿಲೆಯ ಮಗಳಿಗೆ ಇಗರ್ಜಿಯಲ್ಲಿ ಹೆಸರಿಡುವಾಗ ಎತ್ತಿಕೊಂಡು ನಿಂತವಳು. ಯಾರದಾದರೂ ಮಗು ಕಾಯಿಲೆ ಬಿದ್ದರೆ ಅವರ ಪಾತಿಯನ್ನು ಇನ್ನೊಬ್ಬಳು ಕೊಯ್ದುಕೊಡುವ ಮುಯ್ಯಾಳಿನ ರೂಢಿ ಆ ಹೆಂಗಸರಲ್ಲಿತ್ತು. ಯಾಮಿಲೆಯ ಕೊನೆಯ ಎರಡು ಪಾತಿಗಳನ್ನು ವಾರಕ್ಕೆ ಮೂರು ದಿನ ಎದೆಲ್ಮಿರಾ ವಹಿಸಿಕೊಂಡಳು, ಇವಳು ಮೂರು ಗಂಟೆಗೆಲ್ಲ ಮನೆಗೆ ಹೋಗಿ ಮೇಜಿನ ಮುಂದೆ ಕೂತಳು.

"ಈ ಮುಯ್ಯಿ ಅದೆಂಗ್ ತೀರಿಸ್ಲಕ್ಕ?" ಎಂದು ಕೇಳಿದರೆ, "ಪಾಸಾಗು, ತೀರ್ತದೆ," ಎಂದಿದ್ದಳು.

ಪುಸ್ತಕ ಎಸೆದ ಮರುವಾರವೇ ಎವಾರಿಸ್ತೊ ಯಾಮಿಲೆಯನ್ನು ಶೆಡ್ಡಿಗೆ ಕರೆಸಿದ. ಈಗ ಮಾತಿನಲ್ಲಿ ಬೆಣ್ಣೆ. ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು. ಹೂವಿಗೆ ಹುಳದ ಔಷಧಿ ಹೊಡೆದ ಮೇಲೆ ಆ ಮಾಡಿನ ಬಾಗಿಲಿಗೆ ಕೆಂಪು ಬಾವುಟ ಕಟ್ಟಬೇಕು, ಇಪ್ಪತ್ತನಾಲ್ಕು ಗಂಟೆ ಒಳಗೆ ಯಾರೂ ಕಾಲಿಡಬಾರದು. ಹೊಡೆದ ಹೊತ್ತು, ಒಳಗೆ ಹೋದ ಹೊತ್ತು ಎರಡನ್ನೂ ಬರೆದು ಆಳುಗಳ ಕಡೆಯವರೊಬ್ಬರು ಸಹಿ ಹಾಕಬೇಕು. ಹೊರದೇಶದ ಅಂಗಡಿಯವರು ಹೂವು ಕೊಳ್ಳುವ ಮುಂಚೆ ಈ ರಿಜಿಸ್ಟರು ನೋಡುತ್ತಾರೆ. ಬಾವುಟವನ್ನು ನೋಡಲು ಯಾರೂ ಬರುವುದಿಲ್ಲ. ಮುಂಚೆ ಬರೆಯುತ್ತಿದ್ದವನು ಕೆಲಸ ಬಿಟ್ಟಿದ್ದ, ಎವಾರಿಸ್ತೊನ ಅಕ್ಷರವೋ ಕೋಳಿ ಕೆದರಿದಂತೆ.

ಅವಳು ಒಂದೇ ಒಂದು ಸಲ ಕೇಳಿದಳು, ಬಾವುಟವನ್ನು ಐದಾರು ಗಂಟೆ ಕಳೆಯುತ್ತಲೇ ಬಿಚ್ಚುತ್ತಾರಲ್ಲ ಎಂದು.

"ಬರೆಯೋದು ಕಾಗ್ದುಕ್ಕೆ ಕನಮ್ಮಿ, ಹೂವಿಗಲ್ಲ," ಎಂದ ಅವನು. "ಪರೀಕ್ಸೆ ಭಾನ್ವಾರ ರಜಾ ಬೇಕೋ ಬ್ಯಾಡ್ವೋ ನಿಂಗೆ?"

ಆರ್ಡರು ತುಂಬಿದ ಕಾಲ ಅದು. ಒಂದು ಭಾನುವಾರ ತಪ್ಪಿಸಿದರೆ ಸೋಮವಾರ ಗೇಟಿನ ಒಳಗೆ ಬಿಡುವುದಿಲ್ಲ. ಪಾಸಾದರೆ ರಿಜಿಸ್ಟರಿನ ಕೆಲಸವೇ ಖಾಯಂ ಎಂದೂ ಅಂದ. ಒಣಗಿದ ಜಾಗ, ಕುರ್ಚಿ, ಬಿಳಿ ಕೋಟು. ಯಾಮಿಲೆ ಪೆನ್ನು ತೆಗೆದುಕೊಂಡಳು.

ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಗಿತ್ತು. ಎಂಟನೇ ಕ್ಲಾಸಿನ ನಂತರ ಅವಳ ದುಂಡಗಿನ ಅಕ್ಷರ ಯಾರಿಗೂ ಬೇಕಾಗಿರಲಿಲ್ಲ. ದಿನಕ್ಕೊಂದು ಮಾಡಿಗೆ ಔಷಧಿ, ಅದಕ್ಕೊಂದು ಸಾಲು, ಸಾಲಿನ ಕೊನೆಯಲ್ಲಿ ಇಪ್ಪತ್ತನಾಲ್ಕು, ಅದರ ಕೆಳಗೆ ಪೂರ್ತಿ ಹೆಸರು. ಹಾಜರಿ ಬರೆಯಲು ಕರೆದಿದ್ದಾರೆ ಎಂದು ಹೆಂಗಸರಿಗೆ ಹೇಳಿದಳು. ಎದೆಲ್ಮಿರಾ ಹೆಮ್ಮೆಪಟ್ಟಳು.

ಒಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಔಷಧಿ ಹೊಡೆದರು. ಎರಡಕ್ಕೆ ಬಾವುಟ ಬಿಚ್ಚಿದರು. ಯಾಮಿಲೆ ಅವತ್ತೇ 'ಶುಕ್ರವಾರ ಒಂಬತ್ತು, ಇಪ್ಪತ್ತನಾಲ್ಕು ಗಂಟೆ' ಎಂದು ಬರೆದು, ಸಹಿ ಹಾಕಿ, ಮೂರಕ್ಕೆ ಓದಲು ಮನೆಗೆ ಹೋದಳು. ಅವಳ ಪಾತಿಗೆ ಎದೆಲ್ಮಿರಾ ಇಳಿದಳು.

ಐದು ಗಂಟೆಗೆ ಎದೆಲ್ಮಿರಾ ಆ ಪಾತಿಯಲ್ಲೇ ಬಿದ್ದಳು. ಬಾಯಿ ತುಂಬ ಜೊಲ್ಲು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಎವಾರಿಸ್ತೊ ಇಬ್ಬರು ಆಳುಗಳಿಂದ ಎತ್ತಿಸಿ ಗೇಟಿನಾಚೆ ಬಸ್ಸು ನಿಲ್ಲುವ ಕಡೆ ಮಲಗಿಸಿ, ಆಮೇಲೆ ಆಂಬ್ಯುಲೆನ್ಸಿಗೆ ಫೋನು ಮಾಡಿಸಿದ. ಒಳಗಿದ್ದ ಹೆಂಗಸರಿಗೆಲ್ಲ ಮಕ್ಕಳಿದ್ದವು, ಬಾಯಿ ಮುಚ್ಚಿಕೊಂಡರು.

ಅವಳು ಬದುಕಿಕೊಂಡಳು. ಆದರೆ ಕೈ ಮೊದಲಿನಂತಾಗಲಿಲ್ಲ. ಹಿಡಿದ ಲೋಟ ಜಾರುತ್ತಿತ್ತು, ಗುಂಡಿ ಹಾಕಿಕೊಳ್ಳಲು ತನ್ನ ಮಗಳು ಬೇಕಾಗಿತ್ತು. ತಿಂಗಳಾದ ಮೇಲೆ ವಿಮೆಯವರ ಕಾಗದ ಬಂತು. ಅವರಿಬ್ಬರೂ ಇದ್ದ ಬೀದಿಯಲ್ಲಿ ಯಾರಿಗೆ ಕಾಗದ ಬಂದರೂ ಓದುವವಳು ಯಾಮಿಲೆಯೇ. ಕೂಲಿಗೆ ಹೋಗಿದ್ದ ಮಗಳು ಬರುವ ತನಕ ತಡೆಯಲಾರದೆ ಎದೆಲ್ಮಿರಾ ಅದನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಬಂದು ಇವಳ ಮೇಜಿನ ಮುಂದೆ ಕೂತಳು.

ಆ ದಿನ ಆ ಮಾಡಿನೊಳಗೆ ಯಾರೂ ಇರಲಿಲ್ಲ, ಆದ್ದರಿಂದ ಕಾಯಿಲೆ ಕೆಲಸದಿಂದ ಬಂದದ್ದಲ್ಲ, ಪರಿಹಾರ ಇಲ್ಲ ಎಂದಿತ್ತು ಕಾಗದದಲ್ಲಿ. ಯಾಮಿಲೆ ಅಷ್ಟನ್ನು ಓದಿದಳು. 'ಆಳುಗಳ ಪ್ರತಿನಿಧಿ ಸಹಿ ಮಾಡಿದ ರಿಜಿಸ್ಟರಿನ ಪ್ರಕಾರ' ಎಂದು ಶುರುವಾಗಿ ತನ್ನ ಪೂರ್ತಿ ಹೆಸರಿನಲ್ಲಿ ಮುಗಿಯುವ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದಕ್ಕೆ ಹೋದಳು.

"ನಾ ಒಳ್ಗಿರ್ನಿಲ್ವಾ?" ಎದೆಲ್ಮಿರಾ ಕೇಳಿದಳು. "ನಿನ್ ಪಾತೀಲೇ ಅಲ್ವೇನಮ್ಮಿ ನಾ ಬಿದ್ದಿದ್ದು? ಯಾವ್ ಬೇವರ್ಸಿ ಬರ್ದೋನು ಇಂಗಂತ? ಎಸ್ರದಾ ನೋಡು."

"ಎಸ್ರಿಲ್ಲಕ್ಕ."

"ಬರ್ದೋನ್ ಕೈ ಸೇದೋಗ."

ಯಾಮಿಲೆ ಎದ್ದು ಬೆಲ್ಲದ ನೀರು ಕಾಯಿಸಲು ಇಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಒಲೆಯ ಮುಂದೆ ನಿಂತು ತನ್ನ ಬಲಗೈಯನ್ನು ಮಡಚಿ ಬಿಡಿಸಿ ನೋಡಿದಳು. ಏನೂ ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಲೋಟವನ್ನು ಎದೆಲ್ಮಿರಾಳ ಬಾಯಿಗೆ ತಾನೇ ಹಿಡಿದು ಕುಡಿಸಿದಳು. ಅವಳು ಕುಡಿದು, ಪರೀಕ್ಷೆಗೆ ಇನ್ನೆಷ್ಟು ದಿನ ಎಂದು ಕೇಳಿದಳು.

ಹೇಳಿಬಿಡಬೇಕು ಎಂದು ಯಾಮಿಲೆ ದಿನವೂ ಅಂದುಕೊಂಡಳು. ಪರೀಕ್ಷೆ ಮುಗಿಯಲಿ, ಆಮೇಲೆ ಎಂದೂ ದಿನವೂ ಅಂದುಕೊಂಡಳು. ಪುಟ ತೆರೆದರೆ ಅಕ್ಷರಗಳ ಮೇಲೆ ಹೆಂಗಸರು ಹೇಳಿದ್ದ ಆ ಸಾಸಿವೆ ಕಾಳಿನ ಕಣ್ಣು ಬಂದು ಕೂರುತ್ತಿತ್ತು. ಆದರೂ ಓದಿದಳು. ಅದೂ ಅವಳಿಗೆ ಹೇಸಿಗೆ ಅನ್ನಿಸುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಎವಾರಿಸ್ತೊ ಮತ್ತೆ ಶೆಡ್ಡಿಗೆ ಕರೆದ. ಎದೆಲ್ಮಿರಾಳ ಮಗಳು ಕಾರ್ಮಿಕರ ಕಚೇರಿಗೆ ಅರ್ಜಿ ಹಾಕಿದ್ದಳಂತೆ, ರಿಜಿಸ್ಟರು ಕೇಳಬಹುದಂತೆ. ಅವನು ಅದನ್ನು ಬಿಡಿಸಿ ಅವಳ ಮುಖಕ್ಕೆ ಹಿಡಿದ.

"ಇದೇನೇ ಲೌಡಿ?"

ಪ್ರತಿ ಸಾಲಿನ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲಿನ ಸಣ್ಣ ಅಂಕಿಗಳಿದ್ದವು. ಒಂಬತ್ತರಿಂದ ಎರಡು, ಐದು. ಏಳರಿಂದ ಒಂದು, ಆರು. ಕೈಲೆಕ್ಕವನ್ನು ಯಾವಾಗಲೂ ಪುಟದ ಪಕ್ಕದಲ್ಲೇ ಮಾಡಿ, ಅಳಿಸಬೇಡಿ ಎಂದು ಅವಳ ಗಣಿತದ ಪುಸ್ತಕ ಹೇಳಿತ್ತು. ಮನೆಯಲ್ಲಿ ಒಬ್ಬಳೇ ಓದಿದವಳಿಗೆ ಪುಸ್ತಕ ಹೇಳಿದ್ದೇ ವೇದ. ಸುಳ್ಳನ್ನು ಬರೆಯುವಾಗಲೂ ನಿಜವಾದ ಲೆಕ್ಕವನ್ನು ಪಕ್ಕದಲ್ಲಿ ಮಾಡುತ್ತಿದ್ದೇನೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಉಜ್ಜಿದರೆ ಗುರುತು ಉಳಿಯುತ್ತದೆ. ಆದ್ದರಿಂದ ಎಲ್ಲವನ್ನೂ ಹೊಸ ರಿಜಿಸ್ಟರಿಗೆ ಇಳಿಸಬೇಕು, ಅದೂ ಅವಳ ಅಕ್ಷರದಲ್ಲೇ.

"ಮನೇಗೆತ್ಕಂಡೋಗು. ಮನೇಲೇ ಕುಂತು ಓದೋಳಲ್ವಾ, ಮನೇಲೇ ಕುಂತು ಬರಿ. ಬೆಳಿಗ್ಗೆ ಇಸ್ಕೂಲ್ ಗೇಟ್ ತಾವ ಎರಡೂ ನನ್ ಕೈಗಾಕು. ರಜಾ ಚೀಟಿ ಅಲ್ಲೇ ಕೊಡ್ತೀನಿ."

ಅವಳು ಮೇಜಿನ ಮೇಲಿದ್ದ ಪಾಠದ ಪುಸ್ತಕಗಳನ್ನು ಸರಿಸಿ ಬರೆಯಲು ಕೂತಳು. ಒಂಬತ್ತು ಸಾಲು ಇಳಿಸಿದಳು. ಒಂಬತ್ತೂ ಮುತ್ತು ಪೋಣಿಸಿದಂತಿದ್ದವು. ಆ ಗುರುವಾರದ ಸಾಲು ಬಂದಾಗ ಪೆನ್ನು ಮುಂದಕ್ಕೆ ಹೋಗಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡಳು ಅಂತಲ್ಲ, ಸುಮ್ಮನೆ ಆಗಲಿಲ್ಲ, ಅಷ್ಟೇ.

ಭಾನುವಾರ ಫಾಕತತಿವಾ ಊರಿನ ಶಾಲೆಯ ಗೇಟಿನ ಮುಂದೆ ಏಳು ಗಂಟೆಗೇ ನೂರಾರು ಜನ. ಡ್ರೈವರುಗಳು, ಮನೆಗೆಲಸದವರು, ಮೊಮ್ಮಗಳ ಕೈ ಹಿಡಿದುಕೊಂಡು ಬಂದ ಒಬ್ಬ ಮುದುಕ. ಪೆನ್ಸಿಲು ಮತ್ತು ಗುರುತಿನ ಚೀಟಿ ಬಿಟ್ಟು ಬೇರೇನೂ ಒಳಗೆ ಬಿಡುವುದಿಲ್ಲ, ಏಳೂವರೆಗೆ ಗೇಟು ಮುಚ್ಚುತ್ತೇವೆ ಎಂದು ಕಾವಲಿನವನು ಕೂಗುತ್ತಿದ್ದ. ಎರಡು ರಿಜಿಸ್ಟರುಗಳನ್ನು ತಬ್ಬಿಕೊಂಡು ನಿಂತ ಯಾಮಿಲೆಗೆ ಮೊದಲು ಕಂಡವಳು ಎದೆಲ್ಮಿರಾ. ಕರೆಯದಿದ್ದರೂ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಬಟ್ಟೆಯಲ್ಲಿ ಬಿಸಿ ಅರೇಪ ರೊಟ್ಟಿ ಸುತ್ತಿ, ಹಿಡಿಯಲಾಗದೆ ಗಂಟನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದಳು.

"ಬರೀ ಒಟ್ಟೇಲಿ ಬರೀಬ್ಯಾಡ ಕನಮ್ಮಿ," ಎಂದಳು.

ಅಷ್ಟರಲ್ಲಿ ಎವಾರಿಸ್ತೊನ ಬೈಕು ಬಂತು. ಎದೆಲ್ಮಿರಾಳನ್ನು ಕಂಡು ಒಂದು ಕ್ಷಣ ತಡೆದ, ಆಮೇಲೆ ಕೈ ಚಾಚಿದ.

"ಕೊಡಿಲ್ಲಿ. ಕೊಟ್ಬುಟ್ಟು ಒಳೀಕ್ಕೋಗು, ಒತ್ತಾಯ್ತು."

ಕೊಟ್ಟಿದ್ದರೆ ಮುಗಿದಿತ್ತು. ಸಾಲು ಕರಗುತ್ತಿತ್ತು, ಮುದುಕ ಆಗಲೇ ಒಳಗೆ ಹೋಗಿದ್ದ. ಯಾಮಿಲೆಗೆ ಸರ್ಟಿಫಿಕೇಟು ಎಷ್ಟು ಬೇಕಾಗಿತ್ತೆಂದರೆ ಕಾಲು ತಾನಾಗಿ ಗೇಟಿನ ಕಡೆ ಒಂದು ಹೆಜ್ಜೆ ಇಟ್ಟಿತು.

"ಅಕ್ಕ," ಎಂದಳು, "ನೀ ಒಳ್ಗಿರ್ನಿಲ್ಲ ಅಂತ ಬರ್ದೋಳು ನಾನು. ಕಾಗ್ದುದಲ್ಲಿ ನನ್ನೆಸ್ರಿತ್ತು. ಓದ್ನಿಲ್ಲ ನಾನು."

ಎದೆಲ್ಮಿರಾ ರೊಟ್ಟಿಯ ಗಂಟನ್ನು ಹಿಂದಕ್ಕೆ ಎಳೆದುಕೊಂಡಳು. ಯಾಮಿಲೆ ಹಳೆಯ ರಿಜಿಸ್ಟರನ್ನು ಬಿಡಿಸಿ ತೋರಿಸಿದಳು.

"ಇದ್ರಲ್ಲೇ ಅದೆ ಎಲ್ಲ. ಸುಳ್ಳೂ ಅದೆ, ನಿಜಾನೂ ಅದೆ. ಇದ್ನ ಇಟ್ಕೊ, ಇವ್ನಿಗೆ ಕೊಡ್ಬ್ಯಾಡ. ನಾ ಬರ್ದು ಬತ್ತೀನಿ."

ಅದನ್ನು ಅವಳ ಕೈಗಿಟ್ಟಳು. ಎದೆಲ್ಮಿರಾ ಹಿಡಿಯಲು ನೋಡಿದಳು. ಬೆರಳು ಮಡಚಲಿಲ್ಲ, ರಿಜಿಸ್ಟರು ನೆಲಕ್ಕೆ ಬಿತ್ತು. ಎವಾರಿಸ್ತೊ ಬಗ್ಗುವ ಮುಂಚೆ ಯಾಮಿಲೆ ಅದರ ಮೇಲೆ ಕಾಲಿಟ್ಟಳು.

"ಚಮಚ ನಿಲ್ಲಲ್ಲ ಈ ಕೈಲಿ," ಎಂದಳು ಎದೆಲ್ಮಿರಾ. "ನಿನ್ ಪಾಪ ನಿಲ್ತದಾ?"

ಕಾವಲಿನವನು ಕೊನೆಯ ಕರೆ ಕೂಗಿದ. ಎವಾರಿಸ್ತೊ ಹಲ್ಲು ಕಚ್ಚಿಕೊಂಡು, ಅಕ್ಷರ ನಿಂದು, ಸಹಿ ನಿಂದು, ಜೈಲಿಗೋಗೋಳೂ ನೀನೇ ಎಂದ. ಓಗ್ತೀನಿ ಬುಡು ಎಂದಳು ಯಾಮಿಲೆ. ಗೇಟಿನ ಅಗಳಿ ಬಿದ್ದ ಸದ್ದು ಅವಳಿಗೆ ಬೆನ್ನಿನಲ್ಲಿ ಕೇಳಿಸಿತು. ತಿರುಗಿ ನೋಡಿದರೆ ಅತ್ತುಬಿಡುತ್ತೇನೆಂದು ತಿರುಗಲಿಲ್ಲ.

ಶಾಲೆಯ ಕಾಂಪೌಂಡಿನ ಬುಡದಲ್ಲಿ ಕೂತು ರಿಜಿಸ್ಟರನ್ನು ಮೊದಲಿನಿಂದ ತೆರೆದಳು. ಎದೆಲ್ಮಿರಾ ಪಕ್ಕದಲ್ಲಿ ಕೂರಲಿಲ್ಲ, ಎರಡು ಮಾರು ಆಚೆ ಗೋಡೆಗೊರಗಿ ನಿಂತಳು. ಯಾಮಿಲೆ ಗಟ್ಟಿಯಾಗಿ ಓದತೊಡಗಿದಳು. ಸೋಮವಾರ, ಬರೆದದ್ದು ಇಪ್ಪತ್ತನಾಲ್ಕು, ಪಕ್ಕದಲ್ಲಿ ಐದು, ಸಹಿ ನಂದು. ಮಂಗಳವಾರ, ಬರೆದದ್ದು ಇಪ್ಪತ್ತನಾಲ್ಕು, ಪಕ್ಕದಲ್ಲಿ ಆರು, ಸಹಿ ನಂದು. ಕಾಫಿ ಮಾರುವವಳು ಕೆಟಲು ಕೆಳಗಿಟ್ಟು ನಿಂತಳು. ಪರೀಕ್ಷೆಗೆ ಬಂದವರ ಮನೆಯವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಎವಾರಿಸ್ತೊ ಫೋನು ಕಿವಿಗಿಟ್ಟುಕೊಂಡು ಯಾರಿಗೋ ಬೇಗ ಬನ್ನಿ ಎನ್ನುತ್ತಿದ್ದ.

ಎದೆಲ್ಮಿರಾ ಬಿದ್ದ ಗುರುವಾರದ ಸಾಲಿಗೆ ಬಂದಾಗ ಯಾಮಿಲೆಯ ದನಿ ನಿಂತಿತು.

ಎದೆಲ್ಮಿರಾ ಅವಳ ಕಡೆ ನೋಡದೆ ಹೇಳಿದಳು, "ಓದು."